ಮತ್ತೆ ದುಡಿಯುವ ಭಾಗ್ಯ

ಮುಪ್ಪಿನಲ್ಲಿ ಕಣ್ಣು ಮಂಜಾಗುವುದು ಸಹಜವೆಂದು ನಾವೆಲ್ಲರೂ ನಂಬಿಕೊಂಡಿದ್ದೇವೆ. ತಲೆಗೂದಲು ನೆರೆಯುವಂತೆ, ಹಲ್ಲು ಉದುರುವಂತೆ, ದೃಷ್ಟಿಯೂ ಒಂದು ದಿನ ಮಾಸತಕ್ಕದ್ದೇ ಎಂದು ಹಿರಿಯರು ಹೇಳುತ್ತಾರೆ; ಕಿರಿಯರಾದ ನಾವು ತಲೆಯಾಡಿಸುತ್ತೇವೆ. ಈ ನಂಬಿಕೆಯಲ್ಲಿ ಸತ್ಯವಿರುವುದು ಅರ್ಧ ಮಾತ್ರ. ಉಳಿದರ್ಧದ ತಪ್ಪಿನ ಫಲವಾಗಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸೀಮೆಯಲ್ಲಿ ಎಷ್ಟೋ ಮನೆಗಳ ಕಟ್ಟೆಯ ಮೇಲೆ ದುಡಿಯಬಲ್ಲ ಕೈಗಳು ಸುಮ್ಮನೆ ಕುಳಿತಿವೆ. ನಮ್ಮ ಮನೆಯ ಕಟ್ಟೆಯೂ ಅಂಥವುಗಳಲ್ಲೊಂದಾಗಿದ್ದಿತು.

ನನ್ನ ಅಜ್ಜ, ನಮ್ಮ ಕಡೆಯ ಮಾತಿನಲ್ಲಿ ಮುತ್ಯಾ, ಸಿಂದಗಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಹೊಲಿಗೆಯ ಕೆಲಸ ಮಾಡುತ್ತ ಬಂದವರು. ಮನೆಯ ಮುಂದಿನ ಕಟ್ಟೆಯೇ ಅವರ ಅಂಗಡಿ. ಕಾಲಿನಿಂದ ತುಳಿಯುವ ಹೊಲಿಗೆಯಂತ್ರವೇ ಅವರ ಬಂಡವಾಳ. ನಾನು ವಿಜಯಪುರದಲ್ಲಿ ಉಪನ್ಯಾಸಕನಾದ ಮೇಲೆ ಶನಿವಾರ ಸಂಜೆ ಊರಿಗೆ ಹೋಗಿ ಸೋಮವಾರ ಬೆಳಿಗ್ಗೆ ಮರಳುವುದು ರೂಢಿಯಾಯಿತು. ಹೋದಾಗಲೆಲ್ಲ ಮನೆಯ ಮಕ್ಕಳು ಮುತ್ಯಾನನ್ನು ಸುತ್ತುವರಿದು, ಸೂಜಿಗೆ ದಾರ ಪೋಣಿಸಿ ಕೊಡುವ ಪಂದ್ಯ ಹೂಡಿರುತ್ತಿದ್ದರು. ನೋಡುವವರಿಗೆ ಅದೊಂದು ಸೊಗಸಾದ ಆಟ. ಅವರಿಗೆ ಸೂಜಿಯ ಕಣ್ಣು ಕಾಣಿಸುತ್ತಿಲ್ಲ, ಆ ಮಾತನ್ನು ಆಟದಲ್ಲಿ ಮರೆಸುತ್ತಿದ್ದಾರೆ ಎಂಬುದು ನನಗೆ ಹೊಳೆಯಲಿಲ್ಲ. ಕ್ರಮೇಣ ಹೊಲಿಗೆ ಸೊಟ್ಟಗಾಗತೊಡಗಿತು. ಒಮ್ಮೆ ಗಿರಾಕಿಯೊಬ್ಬ ಏನನ್ನೂ ಆಡದೆ ತನ್ನ ಬಟ್ಟೆಯನ್ನು ಮಡಚಿಕೊಂಡು ಹಿಂದಕ್ಕೆ ಒಯ್ದ. ಅಂದೇ ಯಂತ್ರದ ಮೇಲೆ ಹಳೆಯ ದುಪ್ಪಟಿಯೊಂದು ಬಿದ್ದಿತು. "ವಯಸ್ಸಾತಪಾ, ಇನ್ನೆಷ್ಟ ದಿನ ಹೊಲೀಲಿ?" ಎಂದು ಅವರು ನಕ್ಕರು. ನಾವೂ ನಕ್ಕೆವು. ಹೀಗೆ ನಾಲ್ಕು ವರ್ಷ ಕಳೆದವು.

ಈ ನಾಲ್ಕು ವರ್ಷವೂ ನಾನು ತರಗತಿಯಲ್ಲಿ ಮಸೂರಗಳ ಪಾಠ ಮಾಡುತ್ತಲೇ ಇದ್ದೆ. ಕಪ್ಪು ಹಲಗೆಯ ಮೇಲೆ ಕಣ್ಣಿನ ಚಿತ್ರ ಬರೆದು, ಕಿರಣಗಳು ಎಲ್ಲಿ ಬಾಗುತ್ತವೆ, ಬಿಂಬ ಎಲ್ಲಿ ಮೂಡುತ್ತದೆ ಎಂದು ವಿವರಿಸುತ್ತಿದ್ದವನು ನನ್ನ ಮನೆಯ ಕಣ್ಣನ್ನು ನೋಡಿರಲಿಲ್ಲ. ಕೊನೆಗೆ ಒಂದು ರವಿವಾರ ಬಿಸಿಲಿನಲ್ಲಿ ಅವರ ತೊಡೆಯ ಮೇಲೆ ಕುಳಿತಿದ್ದ ನನ್ನ ಆರು ವರ್ಷದ ಮಗಳು, "ಅಪ್ಪಾ, ಮುತ್ಯಾನ ಕಣ್ಣಾಗ ಹಾಲ ಐತಿ" ಎಂದಳು. ಭೌತವಿಜ್ಞಾನದ ಉಪನ್ಯಾಸಕನಿಗೆ ಕಾಣದಿದ್ದುದು ಮಗುವಿಗೆ ಕಂಡಿತ್ತು.

ಕಣ್ಣಿನಲ್ಲಿ ಹಾಲು ಎಂಬ ಮಾತು ಶಾಸ್ತ್ರಕ್ಕೆ ಬಹಳ ಹತ್ತಿರವಾದದ್ದು. ವಿದ್ಯಾರ್ಥಿ ಮಿತ್ರರು ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಗಾಜಿನ ಲೋಟದಲ್ಲಿ ತಿಳಿನೀರು ತುಂಬಿ ಅದರ ಮೂಲಕ ಪುಸ್ತಕದ ಅಕ್ಷರಗಳನ್ನು ನೋಡಿರಿ. ಬಳಿಕ ಒಂದೊಂದೇ ಹನಿ ಹಾಲು ಬೆರೆಸುತ್ತ ಹೋಗಿರಿ. ನೀರಿನೊಳಗೆ ಬೆಳಕು ಬರುತ್ತಲೇ ಇರುತ್ತದೆ. ಆದರೆ ಅಕ್ಷರ ಮಾಯವಾಗುತ್ತದೆ. ಹಾಲಿನ ಸೂಕ್ಷ್ಮ ಕಣಗಳು ಬೆಳಕನ್ನು ದಿಕ್ಕುದಿಕ್ಕಿಗೆ ಚದುರಿಸುವುದರಿಂದ ಬಿಂಬ ಕೆಡುತ್ತದೆ. ಮುಪ್ಪಿನ ಕಣ್ಣಿನ ಮಸೂರದಲ್ಲಿ ಆಗುವುದೂ ಇದೇ. ಈ ಮಸೂರವು ನೀರು ಮತ್ತು ಪ್ರೋಟೀನುಗಳಿಂದ ಆದದ್ದು. ಪ್ರೋಟೀನಿನ ಅಣುಗಳು ಒತ್ತೊತ್ತಾಗಿ, ಸಮನಾಗಿ ಹರಡಿಕೊಂಡಿರುವವರೆಗೆ ಅವು ಚದುರಿಸಿದ ಬೆಳಕು ಪರಸ್ಪರ ಅಳಿಸಿಹೋಗಿ ಮಸೂರ ಪಾರದರ್ಶಕವಾಗಿರುತ್ತದೆ. ಅಣುಗಳು ಗಂಟುಗಟ್ಟಿ, ಆ ಗಂಟುಗಳು ಬೆಳಕಿನ ತರಂಗದೂರಕ್ಕೆ ಹೋಲಿಸಬಹುದಾದಷ್ಟು ಬೆಳೆದಾಗ ಬೆಳಕು ಚದುರುತ್ತದೆ. ಮಸೂರದ ನಡುಭಾಗದ ಪ್ರೋಟೀನುಗಳು ನಾವು ಹುಟ್ಟುವ ಮುನ್ನವೇ ರೂಪುಗೊಂಡು ಜೀವನದುದ್ದಕ್ಕೂ ಬದಲಾಗದೆ ಉಳಿಯತಕ್ಕವು. ಎಂಬತ್ತು ವರ್ಷ ಬಿಸಿಲು ಕಂಡ ವಸ್ತು ಮಾಸಿದರೆ ಆಶ್ಚರ್ಯವೇನು? ಬಿಸಿಲಿನ ಅತಿನೇರಳೆ ಕಿರಣ, ಸಿಹಿಮೂತ್ರ ರೋಗ, ಬೀಡಿಯ ಚಟ ಇವೂ ಈ ಕೇಡನ್ನು ಬೇಗನೆ ತರುತ್ತವೆ. ಇದನ್ನೇ ಕಣ್ಣಿನ ಪೊರೆಯೆಂದು ಕರೆಯುವರು. ಹೆಸರು ಪೊರೆಯಾದರೂ ಇದು ಕಣ್ಣಿನ ಮೇಲೆ ಬೆಳೆದ ಹೊದಿಕೆಯಲ್ಲ. ಒಳಗಿನ ಮಸೂರವೇ ಮಬ್ಬಾದುದು.

ಇಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿಯೆಂದರೆ, ಬೆಳಕನ್ನು ಗ್ರಹಿಸುವ ಅಕ್ಷಿಪಟಲವೂ ಸುದ್ದಿಯನ್ನು ಮಿದುಳಿಗೆ ಒಯ್ಯುವ ನರವೂ ಪೊರೆಯಿಂದ ಕೆಡುವುದಿಲ್ಲ. ಮನೆಯ ಕಿಟಕಿಯ ಗಾಜು ಮಬ್ಬಾಗಿದೆ. ಒಳಗಿನ ಮನೆ ಸುಸ್ಥಿತಿಯಲ್ಲಿದೆ. ಗಾಜು ಬದಲಾಯಿಸಿದರೆ ಸಾಕು. ಕಣ್ಣಿನ ಒಟ್ಟು ಶಕ್ತಿ ಸುಮಾರು 60 ಡಯಾಪ್ಟರ್. ಅದರಲ್ಲಿ ಸುಮಾರು 43 ಡಯಾಪ್ಟರಿನಷ್ಟು ಕೆಲಸವನ್ನು ಮುಂದಿನ ಪಾರದರ್ಶಕ ಪಟಲವಾದ ಕಾರ್ನಿಯವೇ ಮಾಡುತ್ತದೆ. ಆದುದರಿಂದ ಮಬ್ಬಾದ ಮಸೂರವನ್ನು ತೆಗೆದುಹಾಕಿ, ಉಂಟಾದ ಕೊರತೆಯನ್ನು ಬೇರೆ ಬಗೆಯಿಂದ ತುಂಬಿದರೆ ನೋಟ ಮರಳುತ್ತದೆ.

ಈ ಕೊರತೆಯನ್ನು ತುಂಬುವುದೇ ಬಹುಕಾಲ ಕಠಿಣ ಸಮಸ್ಯೆಯಾಗಿದ್ದಿತು. ಪೊರೆಗೆ ಶಸ್ತ್ರಚಿಕಿತ್ಸೆ ಮಾಡುವ ವಿಧಾನವು ನಮ್ಮ ಸುಶ್ರುತ ಸಂಹಿತೆಯಲ್ಲಿಯೇ ಇದೆ. ಅಲ್ಲಿ ಮಬ್ಬಾದ ಮಸೂರವನ್ನು ಬೆಳಕಿನ ದಾರಿಯಿಂದ ಪಕ್ಕಕ್ಕೆ ಸರಿಸುತ್ತಿದ್ದರು. ಅನಂತರದ ಕಾಲದಲ್ಲಿ ಅದನ್ನು ಹೊರತೆಗೆಯುವುದು ಸಾಧ್ಯವಾಯಿತು. ಆದರೆ ರೋಗಿಯು ಸುಮಾರು 10 ಡಯಾಪ್ಟರಿನ ದಪ್ಪ ಉಪನೇತ್ರವನ್ನು ಧರಿಸಬೇಕಾಗುತ್ತಿದ್ದಿತು. ಅದರಲ್ಲಿ ವಸ್ತುಗಳು ಕಾಲುಪಾಲಿಗಿಂತಲೂ ಹೆಚ್ಚು ಹಿಗ್ಗಿ ಕಾಣುತ್ತಿದ್ದವು. ಹೊಸ್ತಿಲು ದಾಟುವಾಗ ಹೆಜ್ಜೆ ತಪ್ಪುತ್ತಿದ್ದಿತು. ಆದರೂ ಕುರುಡಿಗಿಂತ ಅದು ಎಷ್ಟೋ ಪಾಲು ಮೇಲು. ಹಿಂದಿನ ಅವಿಭಕ್ತ ವಿಜಾಪುರ ಜಿಲ್ಲೆಯ ಬೀಳಗಿಯಲ್ಲಿ ಹುಟ್ಟಿದ ಡಾಕ್ಟರ್ ಎಂ. ಸಿ. ಮೋದಿಯವರು ಊರೂರಿಗೆ ಹೋಗಿ ಶಿಬಿರಗಳನ್ನು ನಡೆಸಿ, ಲಕ್ಷಾಂತರ ಜನರಿಗೆ ಈ ಬೆಳಕನ್ನು ಕೊಟ್ಟರು. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಅವರಿಗೆ ಸಂದವು. 2005ರಲ್ಲಿ ಅವರು ತೀರಿಕೊಂಡರು. ರೋಗಿಯು ವೈದ್ಯನ ಬಳಿಗೆ ಬರಲಾರದಿದ್ದರೆ ವೈದ್ಯನೇ ರೋಗಿಯ ಬಳಿಗೆ ಹೋಗಬೇಕೆಂಬುದು ಅವರ ಬಾಳು ಕಲಿಸಿದ ಪಾಠ.

ದಪ್ಪ ಉಪನೇತ್ರದಿಂದ ಬಿಡುಗಡೆ ದೊರೆತದ್ದು ಒಂದು ವಿಚಿತ್ರ ಅವಲೋಕನದಿಂದ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ವೈಮಾನಿಕರ ಕಣ್ಣುಗಳಲ್ಲಿ ವಿಮಾನದ ಮುಚ್ಚಳದ ಪ್ಲಾಸ್ಟಿಕ್ ಚೂರುಗಳು ಸಿಕ್ಕಿಕೊಂಡಿದ್ದವು. ಕಣ್ಣು ಆ ಚೂರುಗಳ ಮೇಲೆ ಮುನಿಯದೆ ಅವುಗಳನ್ನು ಸಹಿಸಿಕೊಂಡಿದ್ದುದನ್ನು ಹೆರಾಲ್ಡ್ ರಿಡ್ಲಿ ಎಂಬ ವೈದ್ಯರು ಕಂಡರು. ಅಂಥದೇ ಪ್ಲಾಸ್ಟಿಕ್ಕಿನಿಂದ ಪುಟ್ಟ ಮಸೂರವನ್ನು ಮಾಡಿಸಿ, 1949ರ ನವೆಂಬರಿನಲ್ಲಿ ಲಂಡನ್ನಿನಲ್ಲಿ ರೋಗಿಯೊಬ್ಬರ ಕಣ್ಣಿನೊಳಗೆ ಇಟ್ಟರು. ಸಮಕಾಲೀನ ವೈದ್ಯರಲ್ಲಿ ಅನೇಕರು ಇದನ್ನು ಬಹುಕಾಲ ವಿರೋಧಿಸಿದರು. 1967ರಲ್ಲಿ ಅಮೆರಿಕದ ಚಾರ್ಲ್ಸ್ ಕೆಲ್ಮನ್ನರು ಶ್ರವಣಾತೀತ ಕಂಪನಗಳಿಂದ ಪೊರೆಯನ್ನು ಒಳಗೇ ಪುಡಿಮಾಡಿ ಹೀರುವ ವಿಧಾನವನ್ನು ಬಳಕೆಗೆ ತಂದರು. ಇಂದು ಆರೇಳು ಮಿಲಿಮೀಟರು ಅಥವಾ ಅದಕ್ಕಿಂತಲೂ ಕಿರಿದಾದ ಸೀಳಿನಲ್ಲಿ, ಹೊಲಿಗೆಯ ಅಗತ್ಯವೂ ಇಲ್ಲದಂತೆ, ಅರ್ಧ ಗಂಟೆಯೊಳಗೆ ಈ ಕೆಲಸ ಮುಗಿಯುತ್ತದೆ.

ನಮ್ಮ ಮುತ್ಯಾನ ಚಿಕಿತ್ಸೆಯೂ ಹೀಗೆಯೇ ಮುಗಿಯಿತು. ಪಟ್ಟಿ ತೆಗೆದ ಮರುದಿನ ಅವರು ಮೊದಲು ಕೇಳಿದ್ದು ದಾರದ ಡಬ್ಬಿಯನ್ನು. ಕಪ್ಪೆಂದು ತಾವು ತಿಳಿದಿದ್ದ ಉಂಡೆ ಕಡುನೀಲಿಯೆಂದು ಕಂಡು ಬೆರಗಾದರು. ಮುಪ್ಪಿನ ಮಸೂರ ಹಳದಿಗಟ್ಟಿ ನೀಲಿ ಬೆಳಕನ್ನು ನುಂಗುವುದೇ ಇದರ ಕಾರಣ. ಪ್ರಸಿದ್ಧ ಫ್ರೆಂಚ್ ಚಿತ್ರಕಾರ ಕ್ಲಾಡ್ ಮೊನೆಯೂ ಇದೇ ಕಷ್ಟದಲ್ಲಿ ಬಣ್ಣಗಳನ್ನು ಗುರುತಿಸಲಾರದೆ ತೊಳಲಿದನು. 1923ರಲ್ಲಿ, ತನ್ನ ಎಂಬತ್ತೆರಡನೆಯ ವಯಸ್ಸಿನಲ್ಲಿ, ಬಲಗಣ್ಣಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮತ್ತೆ ಕುಂಚ ಹಿಡಿದನು. ಪ್ಯಾರಿಸ್ಸಿನ ಚಿತ್ರಕಾರನೂ ಸಿಂದಗಿಯ ಸಿಂಪಿಗನೂ ಈ ಒಂದು ವಿಷಯದಲ್ಲಿ ಸಮಾನರು.

ಆದರೆ ಸಂತೋಷದ ನಡುವೆ ಒಂದು ನಿರಾಶೆಯೂ ಎದುರಾಯಿತು. ಓಣಿಯ ಕೊನೆಯ ಬೇವಿನ ಮರದ ಎಲೆ ಸ್ಪಷ್ಟವಾಗಿ ಕಂಡಿತು. ಕೈಯಲ್ಲಿದ್ದ ಸೂಜಿಯ ಕಣ್ಣು ಕಾಣಲಿಲ್ಲ. ಚಿಕಿತ್ಸೆ ಕೆಟ್ಟಿತೆಂದು ಮನೆಯವರು ಹೆದರಿದರು. ಕೆಟ್ಟಿರಲಿಲ್ಲ. ಎಳೆಯರ ಕಣ್ಣಿನ ಮಸೂರ ಮೆದುವಾಗಿದ್ದು, ಹತ್ತಿರದ ವಸ್ತುವಿಗೆ ತಕ್ಕಂತೆ ಉಬ್ಬಬಲ್ಲುದು. ನಲವತ್ತು ದಾಟಿದಂತೆ ಈ ಸಾಮರ್ಥ್ಯ ಕುಂದುತ್ತದೆ. ಓದುವ ಕನ್ನಡಕಕ್ಕೆ ಚಾಳೀಸು ಎಂಬ ಹೆಸರು ಬಂದದ್ದೇ ಆ ನಲವತ್ತರಿಂದ. ಸಾಮಾನ್ಯವಾಗಿ ಇಡುವ ಕೃತಕ ಮಸೂರವಾದರೋ ಉಬ್ಬಲಾರದು. ಅದನ್ನು ದೂರದ ನೋಟಕ್ಕೆ ಹೊಂದಿಸಿರುತ್ತಾರೆ. ಒಂದು ಮೀಟರಿನ ಮೂರನೆಯ ಒಂದು ಭಾಗದಷ್ಟು ದೂರದಲ್ಲಿ ಹಿಡಿದ ಸೂಜಿಯನ್ನು ಕಾಣಲು ಇನ್ನೂ 3 ಡಯಾಪ್ಟರ್ ಬೇಕು. ಕೆಲವು ವಾರಗಳ ಬಳಿಕ ವೈದ್ಯರು ಅಂಥ ಅಗ್ಗದ ಚಾಳೀಸನ್ನು ಬರೆದುಕೊಟ್ಟರು. ದೂರ ಕಂಡಿತಲ್ಲಾ ಎಂದು ತೃಪ್ತರಾಗಿ ಈ ಕೊನೆಯ ಹೆಜ್ಜೆಯನ್ನು ಮರೆತಿದ್ದರೆ ಹೊಲಿಗೆಯಂತ್ರದ ಮೇಲಿನ ದುಪ್ಪಟಿ ಸರಿಯುತ್ತಲೇ ಇರಲಿಲ್ಲ. ಚಿಕಿತ್ಸೆ ಮುಗಿಯುವುದು ಪಟ್ಟಿ ಬಿಚ್ಚಿದಾಗಲ್ಲ, ಮನುಷ್ಯನು ತನ್ನ ಕೆಲಸಕ್ಕೆ ಮರಳಿದಾಗ ಎಂಬುದು ನನ್ನ ಅಭಿಪ್ರಾಯ.

ಈಗ ಮುತ್ಯಾ ಬೆಳಗಿನ ತಂಪಿನಲ್ಲಿ ಎರಡು ತಾಸು ಹೊಲಿಯುತ್ತಾರೆ. ಹೊಸ ಅಂಗಿಗಳ ಉಸಾಬರಿ ಇಲ್ಲ. ಹರಿದ ಪಾಟಿಚೀಲ, ಬಿಚ್ಚಿದ ಅಂಚು, ಗುಂಡಿ, ತೇಪೆ, ಇಷ್ಟೇ. ಬರುವ ಹಣ ಅಲ್ಪ. ಅದರಲ್ಲಿ ರವಿವಾರ ಮಕ್ಕಳಿಗೆ ಚುರುಮುರಿಯೂ ಬೆಂಡು ಬತ್ತಾಸೂ ಬರುತ್ತವೆ. ಸೂಜಿ ಪೋಣಿಸುವ ಪಂದ್ಯ ಈಗಲೂ ಉಂಟು. ಗೆಲ್ಲುವವರು ಮಾತ್ರ ಬದಲಾಗಿದ್ದಾರೆ. ಒಂದು ಸಂಜೆ ಅವರು ನನ್ನೊಡನೆ, "ಕಣ್ಣ ಬಂದದ್ದಕ್ಕಿಂತ ಕೆಲಸ ಬಂದದ್ದು ದೊಡ್ಡದು ತಮ್ಮಾ. ದಿನಾ ಮುಂಜಾನೆ ಎದ್ದ ಕೂಡಲೆ ಯಂತ್ರಕ್ಕ ಕೈ ಮುಗೀತೀನಿ" ಎಂದರು.

ಇಳಿವಯಸ್ಸಿನವರನ್ನು ಮತ್ತೆ ದುಡಿಸುವುದು ನ್ಯಾಯವೇ ಎಂದು ಕೆಲವರು ಕೇಳಬಹುದು. ದುಡಿಸುವುದು ನ್ಯಾಯವಲ್ಲ ಎಂಬುದನ್ನು ನಾನೂ ಒಪ್ಪುತ್ತೇನೆ. ವಿಶ್ರಾಂತಿಯನ್ನು ತಾನಾಗಿ ಬಯಸಿದವನು ಸುಖವಾಗಿ ವಿಶ್ರಮಿಸಲಿ. ಆದರೆ ಕತ್ತಲೆಯು ಹೇರಿದ ಬಿಡುವು ವಿಶ್ರಾಂತಿಯಲ್ಲ. ನಾಲ್ಕು ವರ್ಷ ನಾವು ಮುತ್ಯಾನ ವಿಶ್ರಾಂತಿಯೆಂದು ಕರೆದದ್ದು ವಾಸ್ತವವಾಗಿ ಅವರ ಸೆರೆಯಾಗಿದ್ದಿತು. ಬಸವಣ್ಣನವರು ಹುಟ್ಟಿದ ಬಾಗೇವಾಡಿಯ ನೆರೆಹೊರೆಯವರಾದ ನಮಗೆ ಇದನ್ನು ಹೊರಗಿನವರು ಬಂದು ಹೇಳಬೇಕಾಗಿಲ್ಲ. 12ನೆಯ ಶತಮಾನದ ಶರಣರು ಕಾಯಕವನ್ನು ಹೊಟ್ಟೆಪಾಡಿನ ಉಪಾಯವೆಂದಷ್ಟೇ ಎಣಿಸದೆ ಮನುಷ್ಯನ ಘನತೆಯೆಂದು ಎಣಿಸಿದರು.

ಇನ್ನು ತಡವೇಕೆ ಆಗುತ್ತದೆ? 2015ರಿಂದ 2019ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಐವತ್ತು ದಾಟಿದವರ ಕುರುಡಿಗೆ ಸುಮಾರು ಮೂರರಲ್ಲಿ ಎರಡು ಪಾಲು ಕಾರಣ ಪೊರೆಯೇ. 1976ರಲ್ಲಿ ಆರಂಭವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದಡಿಯಲ್ಲಿ ಬಡವರಿಗೆ ಚಿಕಿತ್ಸೆ ಉಚಿತವಾಗಿ ದೊರೆಯುತ್ತದೆ. ಹೀಗಿದ್ದರೂ ಭೀಮೆಯ ದಂಡೆಯಿಂದ ಕೃಷ್ಣೆಯ ದಂಡೆಯವರೆಗೆ ಒಂದೇ ಮಾತು ಕೇಳಿಬರುತ್ತದೆ: "ಪೊರಿ ಇನ್ನೂ ಮಾಗಲಿ." ಈ ಮಾತು ಹಳೆಯ ಚಿಕಿತ್ಸೆಯ ಕಾಲದ್ದು. ಈಗ ಮಾಗುವವರೆಗೆ ಕಾಯಬೇಕಾಗಿಲ್ಲ. ಬದಲಾಗಿ ಅತಿಯಾಗಿ ಮಾಗಿದ ಮಸೂರ ಗಟ್ಟಿಯಾಗಿ ಚಿಕಿತ್ಸೆಯನ್ನು ಕಠಿಣಗೊಳಿಸುತ್ತದೆ. ಕೆಲವೊಮ್ಮೆ ಕಣ್ಣಿನ ಒತ್ತಡವನ್ನೇರಿಸಿ ನರವನ್ನೇ ಕೆಡಿಸುತ್ತದೆ. ಬೇಸಿಗೆಯಲ್ಲಿ ಬೇಡವೆಂಬುದೂ ಬರಿಯ ಭಯ. ಇವೆಲ್ಲಕ್ಕಿಂತ ದೊಡ್ಡ ತೊಡಕೆಂದರೆ ಜೊತೆಗೆ ಹೋಗುವವರಿಲ್ಲದಿರುವುದು. ದುಡಿಯುವ ಮಗನಿಗೆ ಒಂದು ದಿನದ ಕೂಲಿ ತಪ್ಪುತ್ತದೆ. ಮುದುಕರು ಅದನ್ನು ಬಲ್ಲವರಾದುದರಿಂದ ಬಾಯಿಬಿಡುವುದಿಲ್ಲ.

ವಿದ್ಯಾರ್ಥಿ ಮಿತ್ರರೇ, ಇಲ್ಲಿಯೇ ನಿಮ್ಮ ಕೆಲಸವಿದೆ. ಮುಂದಿನ ರವಿವಾರ ನಿಮ್ಮ ಅಜ್ಜ ಅಜ್ಜಿಯರನ್ನು ಹಗಲಿನ ಬೆಳಕಿನಲ್ಲಿ ಕೂಡಿಸಿರಿ. ಒಂದೊಂದು ಕಣ್ಣನ್ನೂ ಬೇರೆ ಬೇರೆಯಾಗಿ ಅಂಗೈಯಿಂದ ಮುಚ್ಚಿಸಿ, ಆರು ಮೀಟರು ದೂರದಿಂದ ನಿಮ್ಮ ಬೆರಳುಗಳನ್ನು ಎಣಿಸಲು ಹೇಳಿರಿ. ಪಾಪೆಯ ನಡುವೆ ಬೂದಿ ಅಥವಾ ಬಿಳಿ ಛಾಯೆ ಕಾಣುವುದೋ ನೋಡಿರಿ. ರಾತ್ರಿ ವಾಹನಗಳ ದೀಪ ಕಣ್ಣು ಕುಕ್ಕುವುದೋ, ಸೂಜಿಯ ಕೆಲಸ, ಅಕ್ಕಿ ಆರಿಸುವ ಕೆಲಸ ಬಿಟ್ಟರೋ ಎಂದು ಕೇಳಿರಿ. ಇದು ರೋಗನಿರ್ಣಯವಲ್ಲ, ಬೆರಳೆಣಿಸಿದವರಿಗೂ ಪೊರೆಯಿರಬಹುದು. ನೋಟ ಮಂಜಾಗಲು ಕಣ್ಣೊತ್ತಡ, ಸಿಹಿಮೂತ್ರ ರೋಗ ಮೊದಲಾದ ಬೇರೆ ಕಾರಣಗಳೂ ಉಂಟು. ಕಣ್ಣೊತ್ತಡದಿಂದ ಹೋದ ನೋಟ ಮರಳುವುದಿಲ್ಲ. ಆದುದರಿಂದಲೇ ಸಂಶಯ ಬಂದೊಡನೆ ವೈದ್ಯರಿಗೆ ತೋರಿಸತಕ್ಕದ್ದು. ತಾಲ್ಲೂಕು ಆಸ್ಪತ್ರೆಯಲ್ಲಾಗಲಿ, ಊರಿನ ಆಶಾ ಕಾರ್ಯಕರ್ತೆಯಲ್ಲಾಗಲಿ ವಿಚಾರಿಸಿದರೆ ಮುಂದಿನ ದಾರಿ ತಿಳಿಯುತ್ತದೆ. ಬಿಡುವಿನ ಒಂದು ದಿನ ಅವರ ಕೈ ಹಿಡಿದು ಬಸ್ಸು ಹತ್ತಿಸುವುದು ನಿಮ್ಮಿಂದ ಆಗದ ಮಾತಲ್ಲ.

ಮಸೂರದ ಸೂತ್ರವನ್ನು ಪರೀಕ್ಷೆಯಲ್ಲಿ ಬರೆದು ಅಂಕ ಪಡೆಯುವುದು ಒಳ್ಳೆಯದೇ. ನಾನು ಆ ಸೂತ್ರವನ್ನು ಬಲ್ಲವನಾಗಿದ್ದೂ ನಾಲ್ಕು ವರ್ಷ ಕಳೆದುಕೊಂಡೆ. ಆ ವರ್ಷಗಳು ನನ್ನವಲ್ಲ, ಮುತ್ಯಾನವು. ಅವನ್ನು ಯಾವ ವೈದ್ಯನೂ ಮರಳಿಸಲಾರ. ನಿಮ್ಮ ಮನೆಯಲ್ಲಿ ಹಾಗಾಗದಿರಲಿ.