ಕನ್ನಡದಲ್ಲಿ ದೂರು ಕೊಡಬಹುದು, ಮಾಹಿತಿ ಕೇಳಬಾರದೇ?

ಸೇಲಂ, ಧರ್ಮಪುರಿ ಜಿಲ್ಲೆಗಳ ಕನ್ನಡ ಮನೆಗಳಿಗೆ ಮನವಿ



ನಿಮ್ಮ ಊರಿನ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ, ಗೊತ್ತೇ? ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಅದು ಕುಡಿಯುವ ನೀರಲ್ಲ ಎನ್ನುತ್ತದೆ ಭಾರತೀಯ ಮಾನಕ. ದಾಟಿದ್ದನ್ನೇ ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಮೂಡುತ್ತದೆ, ದೊಡ್ಡವರ ಮಂಡಿ, ಬೆನ್ನು ಬಿಗಿಯುತ್ತವೆ. ಕಾಯಿಸಿದರೆ ಹೋಗುವ ವಿಷವೂ ಇದಲ್ಲ. ಧರ್ಮಪುರಿ ಸೀಮೆಯ ಈ ಸಂಕಟಕ್ಕೆಂದೇ ಜಪಾನಿನ ಸಾಲ ತಂದು ಹೊಗೇನಕಲ್ ಕುಡಿಯುವ ನೀರಿನ ಯೋಜನೆ ಮಾಡಿದರು, 2013ರಲ್ಲಿ ಉದ್ಘಾಟನೆಯೂ ಆಯಿತು. ಆದರೆ ಕಾವೇರಿ ನೀರು ನಲ್ಲಿಗೆ ಬಾರದ ದಿನ ಬೋರ್‌ವೆಲ್ಲೇ ಗತಿ. ಅದರ ನೀರನ್ನು ಪರೀಕ್ಷಿಸಿದ ವರದಿ ಸರ್ಕಾರದ ಕಡತದಲ್ಲಿ ಉಳಿದರೆ ಕುಡಿಯುವವರಿಗೇನು ಪ್ರಯೋಜನ?

ಆ ವರದಿಯನ್ನು ಕೇಳಿ ಪಡೆಯುವ ಹಕ್ಕು ನಮಗಿದೆ. ದೇಶದಲ್ಲಿ ಮೊದಲು ಮಾಹಿತಿ ಹಕ್ಕಿನ ಕಾನೂನು ಮಾಡಿದ ರಾಜ್ಯವೇ ತಮಿಳುನಾಡು, 1997ರಲ್ಲಿ. 2005ರಲ್ಲಿ ಕೇಂದ್ರದ ಕಾಯ್ದೆ ಬಂತು. ಅಧಿಕಾರಿ 30 ದಿನದೊಳಗೆ ಉತ್ತರ ಕೊಡಬೇಕು, ಜೀವಕ್ಕೆ ಸಂಬಂಧಿಸಿದ್ದಾದರೆ 48 ಗಂಟೆಯೊಳಗೆ. ಕಾರಣವಿಲ್ಲದೆ ತಡಮಾಡಿದರೆ ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿವರೆಗೆ ದಂಡ ಅವರ ತಲೆಯ ಮೇಲೆ.

ಆದರೆ ಇದೇ ಕಾಯ್ದೆಯ 6ನೇ ಕಲಮು ಅರ್ಜಿ ಯಾವ ಭಾಷೆಯಲ್ಲಿರಬೇಕೆಂದೂ ಹೇಳುತ್ತದೆ: ಇಂಗ್ಲಿಷ್, ಹಿಂದಿ, ಇಲ್ಲವೇ ಆ ಪ್ರದೇಶದ ಆಡಳಿತ ಭಾಷೆ. ಪೆನ್ನಾಗರಂ, ಪಾಲಕ್ಕೋಡು, ಮೇಟೂರು ಕಡೆಯ ಕನ್ನಡ ಮುದುಕಿಗೆ ಈ ಮೂರರಲ್ಲಿ ಒಂದನ್ನೂ ಬರೆಯಲು ಬಾರದು. ಸಂವಿಧಾನದ 350ನೇ ವಿಧಿ ನೋಡಿ: ಕುಂದುಕೊರತೆಯ ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಯಾವ ಅಧಿಕಾರಿಗಾದರೂ ಕೊಡಬಹುದು. ಅಂದರೆ ಸೋಮವಾರ ಕಲೆಕ್ಟರ್ ಆಫೀಸಿನಲ್ಲಿ "ನೀರು ಕೆಟ್ಟಿದೆ" ಎಂದು ಕನ್ನಡದಲ್ಲಿ ಮನವಿ ಕೊಡುವುದು ಹಕ್ಕು. "ಎಷ್ಟು ಕೆಟ್ಟಿದೆ, ವರದಿ ಕೊಡಿ" ಎಂದು ಅದೇ ಕನ್ನಡದಲ್ಲಿ ಕೇಳುವುದು ಹಕ್ಕಲ್ಲ. ಇದು ಅನ್ಯಾಯ.

ತಮಿಳಿನ ಮೇಲೆ ನಮಗೆ ಯಾವ ಜಗಳವೂ ಇಲ್ಲ. ನಮ್ಮ ಮಕ್ಕಳು ತಮಿಳಿನಲ್ಲೇ ಓದುತ್ತಾರೆ, ಸಂತೆ ಸಂಬಂಧವೆಲ್ಲ ತಮಿಳಿನಲ್ಲೇ. ನಾವು ಕೇಳುವುದು ಇಷ್ಟೇ: ಭಾಷಾ ಅಲ್ಪಸಂಖ್ಯಾತರು ನೆಲೆಸಿರುವ ಕಡೆ ಅವರ ಭಾಷೆಯ ಅರ್ಜಿಯೂ ಸಲ್ಲುತ್ತದೆಂದು 6ನೇ ಕಲಮಿಗೆ ಸಂಸತ್ತು ಒಂದು ಮಾತು ಸೇರಿಸಲಿ. ಅಲ್ಲಿಯವರೆಗೆ ಕನ್ನಡದ ಅರ್ಜಿಯನ್ನು ಹಿಂದಿರುಗಿಸಬೇಡಿ ಎಂದು ರಾಜ್ಯ ಸರ್ಕಾರ ಆದೇಶ ಹೊರಡಿಸಲಿ. ಅದಕ್ಕೆ ಅಡ್ಡಿಯೇನೂ ಇಲ್ಲ. ಇನ್ನು 4ನೇ ಕಲಮು, ಯಾರೂ ಕೇಳದೆಯೇ ಮಾಹಿತಿಯನ್ನು ಜನರ ಮುಂದಿಡಬೇಕು, ಸ್ಥಳೀಯ ಭಾಷೆಯನ್ನು ಗಮನದಲ್ಲಿಡಬೇಕು ಎನ್ನುತ್ತದೆ. ಹಾಗಾದರೆ ಪ್ರತಿ ಬೋರ್‌ವೆಲ್ಲಿನ ಫ್ಲೋರೈಡ್ ಅಂಕಿಯನ್ನು ಪಂಚಾಯಿತಿ ಗೋಡೆಯ ಮೇಲೆ ತಮಿಳು, ಕನ್ನಡ ಎರಡರಲ್ಲೂ ಬರೆಸಲು ಯಾವ ತಿದ್ದುಪಡಿಯೂ ಬೇಕಿಲ್ಲ, ಒಂದು ಡಬ್ಬಿ ಬಣ್ಣ ಸಾಕು.

ಕಾಯ್ದೆಯ ಬಲವನ್ನೂ ಕುಗ್ಗಿಸುತ್ತಿದ್ದಾರೆ. 2019ರ ತಿದ್ದುಪಡಿ ಮಾಹಿತಿ ಆಯುಕ್ತರ ಅವಧಿ, ಸಂಬಳ ನಿಗದಿ ಮಾಡುವುದನ್ನು ಕೇಂದ್ರ ಸರ್ಕಾರದ ಕೈಗೆ ಕೊಟ್ಟಿತು. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯು "ವೈಯಕ್ತಿಕ ಮಾಹಿತಿ" ಎಂಬ ಒಂದೇ ಕಾರಣಕ್ಕೆ ಉತ್ತರ ನಿರಾಕರಿಸಲು ದಾರಿ ಮಾಡಿದೆ. ಸಾರ್ವಜನಿಕ ಹಿತಕ್ಕಾಗಿ ಕೊಡಬಹುದೆಂಬ ಮಾಹಿತಿ ಹಕ್ಕು ಕಾಯ್ದೆಯ 8(2)ನೇ ಕಲಮು ಇನ್ನೂ ಉಳಿದಿದೆ, ನಿಜ. ಆದರೆ ಸರ್ಕಾರಿ ಮನೆ ಯಾರ್ಯಾರಿಗೆ ಸಿಕ್ಕಿತು ಎಂಬ ಪಟ್ಟಿ ಕೇಳಿದವನು ಇನ್ನು ಮುಂದೆ ಆ ಹಿತವನ್ನು ವಾದಿಸಿ ಗೆಲ್ಲಬೇಕು. ಉತ್ತರ ಸಿಗದವರ ಎರಡನೇ ಮೇಲ್ಮನವಿ ಕೇಳುವ ರಾಜ್ಯ ಮಾಹಿತಿ ಆಯೋಗವೋ ಚೆನ್ನೈನಲ್ಲಿದೆ. ಕೂಲಿ ಬಿಟ್ಟು ಅಲ್ಲಿಗೆ ಯಾರು ಹೋಗುತ್ತಾರೆ? ವಿಚಾರಣೆ ಸೇಲಂನಲ್ಲಿ, ಧರ್ಮಪುರಿಯಲ್ಲಿ ನಡೆಯಲಿ.

ಕಾಯ್ದೆ ತಿದ್ದುವವರೆಗೆ ಕೈಕಟ್ಟಿ ಕೂರುವುದು ಬೇಡ. ಬಿಳಿ ಹಾಳೆ, ಹತ್ತು ರೂಪಾಯಿಯ ಕೋರ್ಟ್ ಫೀ ಸ್ಟಾಂಪು ಸಾಕು. ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಬೇಡ. "ಏಕೆ ಪೈಪು ಹಾಕಿಲ್ಲ?" ಎಂದು ಕೇಳಬೇಡಿ, "ಇದು ಮಾಹಿತಿಯಲ್ಲ" ಎಂದು ತಳ್ಳಿಬಿಡುತ್ತಾರೆ. ಹೀಗೆ ಬರೆಸಿ: "ನಮ್ಮ ಊರಿನ ಕುಡಿಯುವ ನೀರಿನ ಬೋರ್‌ವೆಲ್ಲುಗಳನ್ನು ಕಳೆದ ಮೂರು ವರ್ಷದಲ್ಲಿ ಯಾವ ದಿನಗಳಂದು ಪರೀಕ್ಷಿಸಲಾಯಿತು, ಆ ವರದಿಗಳ ನಕಲು ಕೊಡಿ." ಬೇರೆ ಆಫೀಸಿಗೆ ಹೋಗಬೇಕಾದ ಅರ್ಜಿಯಾದರೆ ಐದು ದಿನದೊಳಗೆ ಅವರೇ ಕಳಿಸಬೇಕು. ಬರೆಯಲು ಬಾರದವರ ಬಾಯಿಮಾತನ್ನು ಬರಹಕ್ಕಿಳಿಸಲು ನೆರವಾಗುವುದೂ ಅಧಿಕಾರಿಯ ಕರ್ತವ್ಯ. ಓದಿದ ಹುಡುಗ ಹುಡುಗಿಯರೇ, ಅಜ್ಜಿಯ ಜೊತೆ ಹೋಗಿ, ಅವರ ಮಾತನ್ನು ತಮಿಳಿನಲ್ಲಿ ಹೇಳಿ, ಸ್ವೀಕೃತಿ ಪಡೆಯದೆ ಬರಬೇಡಿ.

ಅಕ್ಟೋಬರ್ 2ರ ಗ್ರಾಮಸಭೆಗೆ ಎಲ್ಲರೂ ಬನ್ನಿ. ಗೋಡೆಯ ಮೇಲೆ ನೀರಿನ ಅಂಕಿ, ಕನ್ನಡದ ಅರ್ಜಿಗೆ ಮನ್ನಣೆ – ಈ ಎರಡು ಬೇಡಿಕೆಗಳನ್ನು ತೀರ್ಮಾನವಾಗಿ ಬರೆಸಿ, ನಕಲನ್ನು ಕಲೆಕ್ಟರಿಗೂ ನಮ್ಮ ಸಂಸದರಿಗೂ ಕಳಿಸೋಣ. ತೀರ್ಮಾನ ಪುಸ್ತಕದಲ್ಲಿ ಅದು ಬರೆದಿದೆಯೇ ಎಂದು ಓದಿಸಿ ಕೇಳಿದ ಮೇಲೆಯೇ ಸಹಿ ಹಾಕಿ.