ಕೆಲಸದಿಂದ ಬಿಡಿಸುವ ಕೆಲಸ



ಬೆನ್ನ ಮೇಲೆ ಹೊಡೆದರೂ ಹೊಟ್ಟೆಯ ಮೇಲೆ ಹೊಡೆಯಬಾರದು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಆದರೆ ಹೊಟ್ಟೆಯ ಮೇಲೆ ಹೊಡೆಯಲೇಬೇಕಾದ ಕುರ್ಚಿಯಲ್ಲಿ ಕುಳಿತವನ ಪಾಡೇನು? ಬೆಂಗಳೂರಿನ ಕಂಪನಿಯೊಂದರಲ್ಲಿ ಮ್ಯಾನೇಜರ್ ಆಗಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಳೆದ ತಿಂಗಳು ದೂರವಾಣಿ ಮಾಡಿ, "ಸಾರ್, ನಾಳೆ ನನ್ನ ತಂಡದ ಒಬ್ಬರನ್ನು ಕೆಲಸದಿಂದ ತೆಗೆಯಬೇಕು. ಹೇಗೆ ಹೇಳಲಿ?" ಎಂದು ಕೇಳಿದ. ಉತ್ತರಿಸುವ ಅರ್ಹತೆ ನನಗಿದ್ದರೆ, ಒಮ್ಮೆ ಆ ಕೆಲಸವನ್ನು ನಾನು ಬಹಳ ಕೆಟ್ಟದಾಗಿ ಮಾಡಿದ್ದೇನೆ ಎಂಬುದಷ್ಟೇ.

2004ರಲ್ಲಿ ನಾನು ಖಾಸಗಿ ಪ್ರೌಢಶಾಲೆಯೊಂದರ ಪ್ರಭಾರ ಮುಖ್ಯೋಪಾಧ್ಯಾಯನಾಗಿದ್ದೆ. ಮಕ್ಕಳ ಸಂಖ್ಯೆ ಇಳಿದು ಎಂಟನೆಯ ತರಗತಿಯ ಒಂದು ವಿಭಾಗವನ್ನು ಮುಚ್ಚಬೇಕಾಯಿತು. ನಾಲ್ಕು ವರ್ಷಗಳಿಂದ ತಾತ್ಕಾಲಿಕವಾಗಿ ಗಣಿತ ಬೋಧಿಸುತ್ತಿದ್ದ ಯುವಕರೊಬ್ಬರನ್ನು ಬಿಡಿಸಲು ಆಡಳಿತ ಮಂಡಳಿ ಫೆಬ್ರವರಿಯಲ್ಲೇ ತೀರ್ಮಾನಿಸಿತು. ತಿಳಿಸುವ ಹೊಣೆ ನನ್ನದು. ನಾಳೆ, ನಾಡಿದ್ದು ಎಂದು ಮುಂದೂಡುತ್ತಾ, ಫಲಿತಾಂಶ ಪ್ರಕಟವಾದ ಏಪ್ರಿಲ್ 10ರ ಸಂಜೆ ಅವರನ್ನು ಕೊಠಡಿಗೆ ಕರೆದೆ.

"ಬನ್ನಿ ಮೇಷ್ಟ್ರೇ, ಕೂತುಕೊಳ್ಳಿ" ಎಂದು ಚಹಾ ತರಿಸಿದೆ. ಅವರ ಪಾಠದ ಕ್ರಮ, ಸಮಯಪಾಲನೆ, ಮಕ್ಕಳ ಪ್ರೀತಿ ಎಲ್ಲವನ್ನೂ ಹೊಗಳಿದೆ. ಅವರ ಮುಖ ಅರಳುತ್ತಾ ಹೋಯಿತು. "ಹಾಗಾದರೆ ನನ್ನದು ಖಾಯಂ ಆಯಿತೇ ಸಾರ್?" ಎಂದರು.

ನಾನು ಮಾತಿಲ್ಲದೆ ಡ್ರಾಯರಿನಿಂದ ಪತ್ರ ತೆಗೆದುಕೊಟ್ಟೆ. ಅವರು ಎರಡು ಸಲ ಓದಿಕೊಂಡರು. "ಇದು ಮಂಡಳಿಯ ನಿರ್ಧಾರ, ನನ್ನ ಕೈಯಲ್ಲಿ ಏನೂ ಇರಲಿಲ್ಲ" ಎನ್ನುವಷ್ಟರಲ್ಲಿ ನನ್ನ ಕಣ್ಣು ತುಂಬಿತ್ತು. ಅವರೇ ನೀರಿನ ಲೋಟವನ್ನು ನನ್ನತ್ತ ಸರಿಸಿ, "ಬೇಜಾರು ಮಾಡಿಕೊಳ್ಳಬೇಡಿ ಸಾರ್, ನೀವೇನು ಮಾಡಲಾದೀತು?" ಎಂದರು. ಬಾಗಿಲಲ್ಲಿ ನಿಂತು, ಅಂಕಗಳ ವಹಿಯನ್ನು ಯಾರಿಗೆ ಒಪ್ಪಿಸಲಿ ಎಂದು ಕೇಳಿ ಹೊರಟುಹೋದರು.

ಆ ಹೊಗಳಿಕೆ ಅವರಿಗಾಗಿ ಇರಲಿಲ್ಲ. ನನ್ನ ಸಂಕೋಚವನ್ನು ಹಗುರ ಮಾಡಿಕೊಳ್ಳಲು ಇತ್ತು. ಮಂಡಳಿಯ ನಿರ್ಧಾರ ಎಂದದ್ದು ಅರ್ಧ ಸತ್ಯ. ಆ ಸಭೆಯಲ್ಲಿ ನಾನೂ ಕುಳಿತಿದ್ದೆ, ಒಂದು ಮಾತೂ ಆಡಿರಲಿಲ್ಲ. ಎಲ್ಲಕ್ಕಿಂತ ದೊಡ್ಡ ತಪ್ಪೆಂದರೆ, ಬೇರೆ ಶಾಲೆಗಳಿಗೆ ಅರ್ಜಿ ಹಾಕಿಕೊಳ್ಳಬಹುದಾಗಿದ್ದ ಎರಡು ತಿಂಗಳನ್ನು ನನ್ನ ಪುಕ್ಕಲುತನ ನುಂಗಿತು.

ಆಗ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ ಪ್ರಕಾರ, ಒಂದು ವರ್ಷ ಸತತವಾಗಿ ದುಡಿದ ಕಾರ್ಮಿಕನನ್ನು ಹೀಗೆ ಬಿಡಿಸಬೇಕಾದರೆ ಒಂದು ತಿಂಗಳ ನೋಟಿಸು ಅಥವಾ ಅದರ ಬದಲು ವೇತನ, ಜೊತೆಗೆ ಸೇವೆಯ ಪ್ರತಿ ವರ್ಷಕ್ಕೆ 15 ದಿನಗಳ ಸರಾಸರಿ ವೇತನ ಕೊಡಬೇಕಿತ್ತು. ಶಿಕ್ಷಕರು ಆ ಕಾಯ್ದೆಯ ಅರ್ಥದಲ್ಲಿ ಕಾರ್ಮಿಕರಲ್ಲವೆಂದು 1988ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಆದರೆ ಮೊದಲೇ ತಿಳಿಸಿ ಎಂಬ ಮಾತನ್ನು ನಮಗೆ ಕಾನೂನೇ ಕಲಿಸಬೇಕೇ?

ಅಮೆರಿಕದ ಬೆಟರ್ ಡಾಟ್ ಕಾಂ ಎಂಬ ಕಂಪನಿಯ ಮುಖ್ಯಸ್ಥ ವಿಶಾಲ್ ಗರ್ಗ್ 2021ರ ಡಿಸೆಂಬರಿನಲ್ಲಿ ಸುಮಾರು 900 ಜನರನ್ನು ಒಂದೇ ಜೂಮ್ ಕರೆಯಲ್ಲಿ, ಕೆಲವೇ ನಿಮಿಷಗಳಲ್ಲಿ ಮನೆಗೆ ಕಳುಹಿಸಿದರು. ಜಗತ್ತೆಲ್ಲ ಅದನ್ನು ಕ್ರೌರ್ಯವೆಂದಿತು. ಹೌದು, ಕ್ರೌರ್ಯವೇ. ಆದರೆ ಚಹಾ ಕೊಟ್ಟು, ಹೊಗಳಿ, ಅತ್ತು ಕಳುಹಿಸಿದ ನನ್ನದು ಕರುಣೆಯಾಗಿತ್ತೇ? ಅಲ್ಲಿಯೂ ಇಲ್ಲಿಯೂ ಹೇಳುವವನು ತನ್ನ ಅನುಕೂಲವನ್ನೇ ನೋಡಿಕೊಂಡಿದ್ದ.

ಆದ್ದರಿಂದ ಶಿಷ್ಯನಿಗೆ ಹೇಳಿದೆ: "ನೋಡಪ್ಪ, ಎದುರಿಗೆ ಕೂರಿಸಿಕೊಂಡು ಮೊದಲ ವಾಕ್ಯದಲ್ಲೇ ವಿಷಯ ಹೇಳು. ಕಾರಣವನ್ನು ಸತ್ಯವಾಗಿ ಹೇಳು. ಬರಬೇಕಾದ ಹಣ ಎಷ್ಟು, ಯಾವಾಗ ಎಂಬುದನ್ನು ಬರೆದುಕೊಡು. ನಿನ್ನ ಸಂಕಟವನ್ನು ಮಾತ್ರ ಅವರ ಮುಂದೆ ಹರಡಬೇಡ."

ಮರುದಿನ ಸಂಜೆ ಅವನಿಂದ ಸಂದೇಶ ಬಂತು: "ಹೇಳಿದೆ ಸಾರ್. ಅವರು ತುಂಬಾ ಸಿಟ್ಟು ಮಾಡಿದರು. ಸುಮ್ಮನೆ ಕೇಳಿಸಿಕೊಂಡೆ."

ಓದಿ ಬಹಳ ಹೊತ್ತು ಕುಳಿತಿದ್ದೆ. ನನ್ನ ಕಣ್ಣೀರಿನ ಮುಂದೆ ಆ ಗಣಿತದ ಮೇಷ್ಟ್ರಿಗೆ ಸಿಟ್ಟು ಮಾಡಿಕೊಳ್ಳುವ ಅವಕಾಶವೂ ಇರಲಿಲ್ಲ. ನಿಮ್ಮಲ್ಲಿ ಅನೇಕರು ಈಗ ಅಂಥ ಕುರ್ಚಿಗಳಲ್ಲಿದ್ದೀರಿ. ಎದುರಿಗೆ ಕುಳಿತವರಿಗೆ ಆ ಅವಕಾಶವನ್ನಾದರೂ ಉಳಿಸಿಕೊಡಿ.