ಬೇರೆಯವರ ದೇವರ ಪುಸ್ತಕ

ಮೂಡುಬಿದಿರೆಗೆ ಬರುತ್ತಿದ್ದ ಜೈನ ಯಾತ್ರಿಕರಿಗೆ ಗುರುಬಸದಿಯಲ್ಲಿ ಎರಡು ಬಗೆಯ ದರ್ಶನವಾಗುತ್ತಿತ್ತು. ಒಂದು, ರತ್ನದ ಜಿನಬಿಂಬಗಳದ್ದು. ಇನ್ನೊಂದು, ಓಲೆಗರಿಯ ಕಟ್ಟುಗಳದ್ದು. ಆ ಕಟ್ಟುಗಳಲ್ಲಿದ್ದದ್ದು ದಿಗಂಬರ ಪರಂಪರೆಯ ಮೂಲಗ್ರಂಥ ಷಟ್ಖಂಡಾಗಮ ಮತ್ತು ಅದಕ್ಕೆ ವೀರಸೇನಾಚಾರ್ಯರು 9ನೆಯ ಶತಮಾನದಲ್ಲಿ ಬರೆದ ಧವಲಾ ಟೀಕೆ. ಭಾಷೆ ಪ್ರಾಕೃತ ಮತ್ತು ಸಂಸ್ಕೃತ, ಲಿಪಿ ಮಾತ್ರ ಹಳಗನ್ನಡದ್ದು. ಕೆಲವು ಗರಿಗಳ ಮೇಲೆ ಹೊಯ್ಸಳರ ಕಾಲದ ಬಣ್ಣದ ಚಿತ್ರಗಳೂ ಇವೆ. ಬಂದವರು ಕೈಮುಗಿದು, ಕಾಣಿಕೆ ಹಾಕಿ ಹೋಗುತ್ತಿದ್ದರು. ಬಿಚ್ಚಿ ಓದುವ ಮಾತೇ ಇರಲಿಲ್ಲ.

19ನೆಯ ಶತಮಾನದ ಕೊನೆಗೆ ಪ್ರತಿ ಎತ್ತುವ ಕೆಲಸ ಶುರುವಾಯಿತು. ಅದಕ್ಕೆ ನೇಮಕವಾಗಿದ್ದ ಗಜಪತಿ ಶಾಸ್ತ್ರಿಗಳು ಬಸದಿಗಾಗಿ ಒಂದು ಪ್ರತಿ ಬರೆಯುತ್ತಲೇ, ಹೆಂಡತಿಯ ನೆರವಿನಿಂದ ಗುಟ್ಟಾಗಿ ಇನ್ನೊಂದನ್ನೂ ಬರೆದರು. ಅದು ದೂರದ ಸಹಾರನಪುರ ಸೇರಿತು. ಅಲ್ಲಿಂದ ಹಬ್ಬಿದ ನಕಲುಗಳನ್ನಿಟ್ಟುಕೊಂಡು ಹೀರಾಲಾಲ ಜೈನರು 1939ರಲ್ಲಿ ಧವಲಾದ ಮೊದಲ ಸಂಪುಟವನ್ನು ಅಚ್ಚು ಹಾಕಿಸಿದರು. ಹದಿನಾರು ಸಂಪುಟ ಮುಗಿಯುವಷ್ಟರಲ್ಲಿ ಸುಮಾರು ಎರಡು ದಶಕ ಕಳೆದಿತ್ತು. ಭಕ್ತಿ ಇಲ್ಲದಿದ್ದರೆ ಆ ಗರಿಗಳು ಎಂದೋ ಗೆದ್ದಲಿನ ಪಾಲಾಗುತ್ತಿದ್ದವು, ನಿಜ. ಆದರೆ ಭಕ್ತಿಯೊಂದೇ ಇದ್ದಿದ್ದರೆ ಅವು ಇಂದಿಗೂ ಕಟ್ಟು ಬಿಚ್ಚದೆ ಕೂತಿರುತ್ತಿದ್ದವು. ಧರ್ಮಗ್ರಂಥವನ್ನು ಕಾಪಾಡುವುದು ಒಂದು ಕೆಲಸ, ಓದಿಗೆ ಒಡ್ಡುವುದು ಇನ್ನೊಂದು. ಕನ್ನಡದಲ್ಲಿ ಈ ಎರಡನೆಯ ಕೆಲಸವನ್ನು ಆಗಾಗ ಮಾಡಿದವರು ಆ ಮತಕ್ಕೆ ಸೇರದವರು. ವಿವಿಧ ಧರ್ಮಗಳ ಅಭಿಜಾತ ಸಾಹಿತ್ಯಕ್ಕೆ ಮೀಸಲಾದ ಈ ಸಂಚಿಕೆಯ ಮೊದಲಲ್ಲೇ ಈ ಮಾತನ್ನು ನೆನೆಯಬೇಕು.

1836ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ಹರ್ಮನ್ ಮೊಗ್ಲಿಂಗ್ ಅವರನ್ನು ನಾವು ‘ಮಂಗಳೂರ ಸಮಾಚಾರ’ದ ಸಂಪಾದಕರೆಂದೇ ಹೆಚ್ಚು ಬಲ್ಲೆವು. ಅದಕ್ಕಿಂತ ದೊಡ್ಡ ಕೆಲಸ, 1848ರಿಂದ ಕಲ್ಲಚ್ಚಿನಲ್ಲಿ ಹೊರತಂದ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆ. ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳು ಅದರಲ್ಲಿ ಬಂದವು. ದಾಸರ ಪದಗಳಿಗೆ ಅದೇ ಮೊದಲ ಅಚ್ಚು. ಮೊಗ್ಲಿಂಗ್ ಬಂದದ್ದು ಮತಪ್ರಚಾರಕ್ಕೆ. ಆ ಕಾಲದಲ್ಲಿ ಮಿಶನ್ನಿನ ಅಚ್ಚುಕೂಟದಿಂದ ಇಲ್ಲಿನ ಪೂಜೆ-ಆಚಾರಗಳನ್ನು ಖಂಡಿಸುವ ಕಿರುಹೊತ್ತಗೆಗಳೂ ಹೊರಬಿದ್ದವು. ಜನರ ಮನಸ್ಸನ್ನು ತಿಳಿಯದೆ ಅವರನ್ನು ಒಲಿಸಲಾಗದು ಎಂಬ ಲೆಕ್ಕವೂ ಈ ಪ್ರಕಟಣೆಗಳ ಹಿಂದಿತ್ತು. ಉದ್ದೇಶ ಏನೇ ಇರಲಿ, ಅಚ್ಚಾದ ಪುಸ್ತಕ ಉದ್ದೇಶದ ಕೈತಪ್ಪಿ ನಡೆಯಿತು. ಪುರಂದರದಾಸರನ್ನು ಓದಿದವರು ಕ್ರೈಸ್ತರಾಗಲಿಲ್ಲ. ದಾಸಸಾಹಿತ್ಯ ಎಂಬ ಅಧ್ಯಯನಕ್ಕೆ ಮಾತ್ರ ಒಂದು ಬುನಾದಿ ಬಿತ್ತು. ಅದೇ ಮಿಶನ್ನಿನ ಕಿಟೆಲ್ 1862ರಲ್ಲಿ ‘ಕಥಾಮಾಲೆ’ ಬರೆದಾಗ ಕ್ರಿಸ್ತನ ಕತೆಯನ್ನು ಕನ್ನಡದ ಛಂದಸ್ಸಿಗೇ ಕೂಡಿಸಬೇಕಾಯಿತು. ಕಲಿಸಲು ಬಂದವರು ಕಲಿತರು.

ವಿಜಯಪುರದ ವಕೀಲ ಫ.ಗು. ಹಳಕಟ್ಟಿಯವರು ಊರೂರು ಅಲೆದು, ವಚನಗಳ ಓಲೆಗಳನ್ನು ಕೂಡಿಹಾಕಿ, ತಮ್ಮ ಗಳಿಕೆಯನ್ನೆಲ್ಲ ಅದಕ್ಕೇ ಸುರಿದ ಕತೆ ಎಲ್ಲರಿಗೂ ಗೊತ್ತು. ಅವರ ‘ವಚನಶಾಸ್ತ್ರಸಾರ’ದ ಮೊದಲ ಭಾಗ 1923ರಲ್ಲಿ ಅಚ್ಚಾದದ್ದು ಬೆಳಗಾವಿಯ ಮಹಾವೀರ ಪ್ರೆಸ್ಸಿನಲ್ಲಿ. ಬಸವಣ್ಣ, ಅಲ್ಲಮ, ಅಕ್ಕ ಜಿನನ ಹೆಸರಿನ ಅಚ್ಚುಕೂಟದಿಂದ ಓದುಗರ ಕೈಗೆ ಬಂದರು. ಮುಂದೆ 1949ರಲ್ಲಿ ‘ವಡ್ಡಾರಾಧನೆ’ ಎಂಬ ಜೈನ ಕಥಾಕೋಶವನ್ನು ಪಾಠಾಂತರ ಸಮೇತ ಹೊರತಂದವರು ಡಿ.ಎಲ್. ನರಸಿಂಹಾಚಾರ್. ಪಾಲಿ ಕಲಿತು ಬೌದ್ಧ ಸಾಹಿತ್ಯವನ್ನು ಕನ್ನಡಕ್ಕೆ ತಂದವರಲ್ಲಿ ಮುಂಚೂಣಿಯಲ್ಲಿ ನಿಲ್ಲುವವರು ‘ರತ್ನನ ಪದಗಳು’ ಬರೆದ ಜಿ.ಪಿ. ರಾಜರತ್ನಂ. ಇಬ್ಬರೂ ಹುಟ್ಟಿದ್ದು ಶ್ರೀವೈಷ್ಣವ ಮನೆಗಳಲ್ಲಿ.

ಇದನ್ನೆಲ್ಲ ಸೌಹಾರ್ದದ ಪಟ್ಟಿ ಮಾಡಲೆಂದು ಹೇಳುತ್ತಿಲ್ಲ. ಅಂಥ ಪಟ್ಟಿಗಳು ಸಭೆಗಳಲ್ಲಿ ಚಪ್ಪಾಳೆ ಗಿಟ್ಟಿಸುತ್ತವೆ, ಪುಸ್ತಕವನ್ನು ತೆರೆಸುವುದಿಲ್ಲ. ನಮ್ಮ ಆಸಕ್ತಿ ಬೇರೆ: ತನ್ನದಲ್ಲದ ಮತದ ಪುಸ್ತಕ ಓದಿದವನಿಗೆ ಏನು ದಕ್ಕುತ್ತದೆ?

‘ವಡ್ಡಾರಾಧನೆ’ಯ ಸುಕುಮಾರಸ್ವಾಮಿಯ ಕತೆಯನ್ನೇ ತೆಗೆದುಕೊಳ್ಳಿ. ಬಿಸಿಲು ತಾಗದಂತೆ ಸಾಕಿದ ಹುಡುಗ. ಆಸನದ ಮೇಲೆ ಬಿದ್ದ ಸಾಸಿವೆ ಕಾಳು ಕೂಡ ಒತ್ತುವಷ್ಟು ಮೆತ್ತಗಿನ ಮೈ. ಅವನು ದೀಕ್ಷೆ ಹಿಡಿದು ಕಾಡಿನಲ್ಲಿ ಧ್ಯಾನಕ್ಕೆ ಕೂತಾಗ ಹೆಣ್ಣುನರಿಯೊಂದು ಮರಿಗಳ ಜೊತೆ ಬಂದು ಅವನನ್ನು ಕಾಲಿನಿಂದ ತಿನ್ನತೊಡಗುತ್ತದೆ. ಹಿಂದಿನ ಜನ್ಮದ ಹಗೆ. ಮೂರು ರಾತ್ರಿ ಅದು ತಿನ್ನುತ್ತದೆ, ಅವನು ಕದಲುವುದಿಲ್ಲ. ಹರಿಕಥೆ, ಪುರಾಣ ಕೇಳಿ ಬೆಳೆದ ಓದುಗ ಇಲ್ಲಿ ತನಗೇ ತಿಳಿಯದಂತೆ ಒಬ್ಬನಿಗಾಗಿ ಕಾಯುತ್ತಿರುತ್ತಾನೆ. ಗಜೇಂದ್ರನಿಗೆ ಹರಿ ಬಂದ, ಮಾರ್ಕಂಡೇಯನಿಗೆ ಶಿವ ಬಂದ. ಇಲ್ಲಿಗೂ ಯಾರಾದರೂ ಬಂದಾರು. ಯಾರೂ ಬರುವುದಿಲ್ಲ. ಬರಬೇಕಾದವರು ಈ ಕತೆಯ ಲೋಕದಲ್ಲಿ ಇಲ್ಲವೇ ಇಲ್ಲ. ಅವನ ಕರ್ಮವನ್ನು ಅವನೇ ಸವೆಸಬೇಕು.

ಆ ಕ್ಷಣದಲ್ಲಿ ಜೈನಧರ್ಮದ ಬಗ್ಗೆ ಎಷ್ಟು ತಿಳಿಯುತ್ತದೋ ಅಷ್ಟೇ ನಮ್ಮ ಬಗ್ಗೆಯೂ ತಿಳಿಯುತ್ತದೆ. ಕರೆದರೆ ದೇವರು ಬರುತ್ತಾನೆ ಎಂಬುದನ್ನು ನಾವು ಎಂದೂ ನಂಬಿಕೆಯೆಂದು ಎಣಿಸಿರಲಿಲ್ಲ, ಕತೆ ನಡೆಯುವುದೇ ಹಾಗೆ ಅಂದುಕೊಂಡಿದ್ದೆವು. ಅದೂ ಒಂದು ನಂಬಿಕೆ ಎಂದು ತೋರಿಸಲು ಬೇರೆ ಮತದ ಪುಸ್ತಕವೇ ಬೇಕಾಯಿತು. ಬೈಬಲಿನ ಯೋಬನ ಗ್ರಂಥ ಇನ್ನೊಂದು ಬಾಗಿಲು ತೆಗೆಯುತ್ತದೆ. ಅಲ್ಲಿ ದೇವರು ಬರುತ್ತಾನೆ, ಆದರೆ ಯೋಬನ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಭೂಮಿಗೆ ಅಡಿಪಾಯ ಹಾಕಿದಾಗ ನೀನೆಲ್ಲಿದ್ದೆ ಎಂದು ತಿರುಗಿ ಅವನನ್ನೇ ಕೇಳುತ್ತಾನೆ. ಸುಕುಮಾರ, ಗಜೇಂದ್ರ, ಯೋಬ ಮೂವರನ್ನೂ ಒಟ್ಟಿಗೆ ಓದಿದವರು ಎಲ್ಲ ಧರ್ಮಗಳೂ ಹೇಳುವುದು ಒಂದನ್ನೇ ಎಂದು ಸುಲಭವಾಗಿ ಹೇಳಲಾರರು. ನೋವಿನ ಎದುರು ಮನುಷ್ಯ ಬೇರೆ ಬೇರೆ ದಿಕ್ಕಿಗೆ ಮುಖ ಮಾಡಿ ನಿಂತಿದ್ದಾನೆ. ಆ ಭೇದವನ್ನು ಅಳಿಸದೆ ಗೌರವಿಸುವುದೇ ಓದಿನ ಮರ್ಯಾದೆ.

ಇಂದು ಓಲೆ ಬಿಚ್ಚುವ ಕಷ್ಟವಿಲ್ಲ. ಹದಿನೈದು ಸಂಪುಟಗಳ ಸಮಗ್ರ ವಚನ ಸಾಹಿತ್ಯ, ಬೈಬಲ್, ಕುರ್‌ಆನಿನ ಅನುವಾದ, ಧಮ್ಮಪದ ಎಲ್ಲವೂ ಕನ್ನಡದಲ್ಲಿ ಸಿಗುತ್ತವೆ, ಬಹಳಷ್ಟು ಮೊಬೈಲಿನಲ್ಲೇ ಸಿಗುತ್ತವೆ. ಸಿಗುವುದು ಹೆಚ್ಚಿದಷ್ಟೂ ಓದು ಇಕ್ಕಟ್ಟಾಗುತ್ತಿದೆ. ನಮ್ಮ ಗ್ರಂಥವನ್ನು ಹೆಮ್ಮೆ ಪಡಲು ತೆರೆಯುತ್ತೇವೆ, ಬೇರೆಯವರದನ್ನು ತಪ್ಪು ಹುಡುಕಲು ತೆರೆಯುತ್ತೇವೆ. ಯಾವ ಹಸ್ತಪ್ರತಿಯಲ್ಲೂ ಇಲ್ಲದ ಸಾಲಿಗೆ ಬಸವಣ್ಣನ ಅಂಕಿತ ಅಂಟಿಸಿ ಬೆಳಿಗ್ಗೆ ಬೆಳಿಗ್ಗೆಯೇ ಹಂಚುವವರಿಗೂ ಕೊರತೆಯಿಲ್ಲ. ಹಳೆಯ ಲಿಪಿಕಾರರು ಇವರಿಗಿಂತ ನಿಷ್ಠರು. ಬೆನ್ನು ಬಾಗಿಸಿ, ಕಣ್ಣು ಸೋತು ಬರೆದು ಮುಗಿಸಿದ ಮೇಲೂ, ತಪ್ಪಿದ್ದರೆ ಬಲ್ಲವರು ತಿದ್ದಿಕೊಳ್ಳಿ ಎಂದು ಕೊನೆಯ ಗರಿಯಲ್ಲಿ ಬೇಡಿಕೊಳ್ಳುತ್ತಿದ್ದರು.

ಈ ಸಂಚಿಕೆಗೆ ಬರೆದವರಲ್ಲಿ ಹೆಚ್ಚಿನವರಿಗೆ ಅವರದಲ್ಲದ ಪರಂಪರೆಯ ಗ್ರಂಥವನ್ನೇ ಒಪ್ಪಿಸಿದ್ದೇವೆ. ಕೆಲವರು ಹಿಂಜರಿದರು, ಒಪ್ಪಿಕೊಂಡವರು ನಾವು ಕೇಳಿದ್ದಕ್ಕಿಂತ ಉದ್ದ ಬರೆದರು. ಓದುಗರಿಗೂ ಅದೇ ಆಹ್ವಾನ: ನಿಮ್ಮ ಮನೆಯಲ್ಲಿ ಪೂಜೆಗೊಳ್ಳದ ಒಂದು ಗ್ರಂಥವನ್ನು ಮೊದಲಿನಿಂದ ಕೊನೆಯವರೆಗೆ ಓದಿ, ಎಲ್ಲಿ ಎಡವಿದಿರಿ ಎಂದು ನಮಗೆ ಬರೆಯಿರಿ. ಮೆಚ್ಚಿದ್ದನ್ನು ಎರಡು ಸಾಲಿನಲ್ಲಿ ಮುಗಿಸಿದರೂ ಸರಿ, ಎಡವಿದ್ದನ್ನು ಬಿಡಿಸಿ ಬರೆಯಿರಿ. ಒಳ್ಳೆಯ ಪತ್ರಗಳಿಗೆ ಮುಂದಿನ ಸಂಚಿಕೆಯಲ್ಲಿ ಜಾಗ ಕಾದಿರಿಸಿದ್ದೇವೆ.

– ಸಂ.